ಬಾನೆಟ್ ಮರೆಯ ಮೇಸ್ತ್ರಿ

ಈ ಬೀದಿಯಲ್ಲಿ ಓಡೋ ಹಳೇ ಕಾರುಗಳೆಲ್ಲ ನನ್ನ ಕಿವಿಯಿಂದಲೇ ಓಡ್ತಿರೋದು. ನಾನೊಂದಿನ ಜ್ವರ ಅಂತ ಮಲಗಿದ್ರೆ ಒಂದು ಗಾಡಿನೂ ಆಸ್ಪತ್ರೆ ದಿಬ್ಬ ಹತ್ತಲ್ಲ. ಇದರಲ್ಲಿ ಅರ್ಧ ಸುಳ್ಳು, ಒಪ್ಕೋತೀನಿ. ಉಳಿದರ್ಧ ಇದೆಯಲ್ಲ, ಅದನ್ನ ಹೇಳೋಕೇ ಕೂತಿರೋದು.

ದಿನಾ ನಡೆಯೋದು ಹೀಗೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಲೆ ಮೇಲೆ ಕಾಫಿಗೆ ನೀರಿಟ್ಟಿದ್ದೀನಿ. ಅಡುಗೆಮನೆ ಗೋಡೆಯಾಚೆಯಿಂದ ಟಣ್, ಟಣ್, ಟಣ್. ಅದು ನನಗೆ ಕರೆ. ಗೋಡೆಯ ಆ ಕಡೆ ಶೆಡ್ಡು. ನಮ್ಮನೆಯವರು ಇದ್ದಾಗ ಅವರ ವ್ಯಾನು ನಿಲ್ತಿತ್ತು, ಈಗ ಟೈಮಿಂಗ್ ಮೇಸ್ತ್ರಿಯ ಗ್ಯಾರೇಜು. ಸೆರಗಿಗೆ ಕೈ ಒರೆಸ್ಕೊಂಡು ಹೋಗ್ತೀನಿ. ಮೇಸ್ತ್ರಿ ಬಾನೆಟ್ ಎತ್ತಿ ಸೊಂಟದವರೆಗೂ ಒಳಗಿಳಿದಿದ್ದಾನೆ. ಹೊರಗೆ ಕಾಣೋದು ಎರಡು ಕಾಲು, ಹಿಂದಿನ ಜೇಬಲ್ಲೊಂದು ಸ್ಕ್ರೂಡ್ರೈವರ್. ಎಂಜಿನ್ ಗುಡುಗುಡು ಅಂತಿದೆ. ಅವನ ಅಂಗೈ ಅದರ ನೆತ್ತಿ ಮೇಲಿದೆ, ಮಗುವಿಗೆ ಜ್ವರ ಇದೆಯಾ ಅಂತ ನೋಡೋ ಹಾಗೆ.

ಬೆನ್ನು ತಟ್ಟಬೇಕು. ಕೂಗಿದ್ರೆ ಕೇಳಲ್ಲ.

"ಬಂದ್ರಾ ಅಕ್ಕ? ಏನಂತೆ ಇದರ ಕಥೆ?"

"ಊಟ ಜಾಸ್ತಿ ಆಗಿ ಮಲಗಿರೋ ಬೆಕ್ಕು ಕಣೋ."

"ಒಳ್ಳೇದು, ಒಳ್ಳೇದು," ಅಂತಾನೆ, ಡಿಸ್ಟ್ರಿಬ್ಯೂಟರ್ ಬೋಲ್ಟು ಬಿಗಿ ಮಾಡ್ತಾನೆ. ಒಂದು ಗಾಡಿ ಮುಗೀತು.

ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡೋರ ಬಗ್ಗೆ ಹೇಳಿ ಅಂತ ಪೇಪರಿನವರು ಕೇಳಿದ್ರು. ಎಲೆಮರೆಯ ಕಾಯಿ ಅಂತೀರಲ್ಲ ನೀವು, ನಮ್ಮವನು ಬಾನೆಟ್ ಮರೆಯ ಕಾಯಿ. ಅವನ ಮುಖ ನೋಡಿದ ಗಿರಾಕಿಗಳೇ ಕಮ್ಮಿ. ಎಲ್ಲರೂ ಅವನ ಸೊಂಟದ ಜೊತೆನೇ ಮಾತಾಡಿ ಹೋಗಿರೋದು. ದಿನಕ್ಕೆಷ್ಟು ಗಾಡಿ ಅಂತ ಕೇಳಿದ್ರೆ ನಾನು ನೂರು ಅಂತೀನಿ. ಅವನು "ಒಂದೋ ಎರಡೋ ಅಕ್ಕ, ಅದೂ ಕಾರು ಒಪ್ಪಿದ್ರೆ" ಅಂತಾನೆ.

ಟೈಮಿಂಗ್ ಅಂದ್ರೇನು ಅಂತ ನನಗೂ ಮೊದಲು ಗೊತ್ತಿರ್ಲಿಲ್ಲ. ಗಡಿಯಾರ ರಿಪೇರಿ ಮಾಡ್ತಾನೆ ಅನ್ಕೊಂಡು ನಮ್ಮನೆಯವರ ಅಲಾರಂ ತಗೊಂಡು ಹೋಗಿದ್ದೆ. ಅವನು ನಗಲಿಲ್ಲ. ಒಂದು ಡಬ್ಬಿ ಮೇಲೆ ಕೂರಿಸಿ ಹೇಳಿಕೊಟ್ಟ. "ಅಕ್ಕ, ಉಯ್ಯಾಲೆ ತೂಗಿದ್ದೀರಲ್ಲ? ಅದು ನಿಮ್ಮ ಹತ್ರ ಬಂದು, ಇನ್ನೇನು ವಾಪಸ್ ಹೊರಡಬೇಕು, ಆಗ ನೂಕಿದ್ರೆ ಚೆನ್ನಾಗಿ ಹೋಗುತ್ತೆ. ಇನ್ನೂ ಬರ್ತಿರೋವಾಗಲೇ ನೂಕಿದ್ರೆ?"

"ಕೈ ಮುರಿಯುತ್ತೆ."

"ಅದು ದೂರ ಹೋದ್ಮೇಲೆ ನೂಕಿದ್ರೆ?"

"ಗಾಳಿಗೆ ನೂಕಿದ ಹಾಗೆ."

"ಅಷ್ಟೇ. ಎಂಜಿನ್ ಹೊಟ್ಟೆಯಲ್ಲಿ ಪಿಸ್ಟನ್ ಅಂತ ಒಂದಿದೆ, ಅದೇ ಉಯ್ಯಾಲೆ. ಪ್ಲಗ್ಗಿನ ಕಿಡಿ ನಿಮ್ಮ ಕೈ. ಕಿಡಿ ಯಾವಾಗ ಹಾರಬೇಕು ಅಂತ ಕಟ್ಟೋದು ನನ್ನ ಕೆಲಸ."

ಮೊದಲೆಲ್ಲ ಅದನ್ನ ಕಿವಿಯಲ್ಲೇ ಕಟ್ತಿದ್ದ. ಡಿಸ್ಟ್ರಿಬ್ಯೂಟರ್ ಅನ್ನೋ ಕಪ್ಪು ಟೋಪಿಯಂಥದ್ದನ್ನ ಕೂದಲೆಳೆಯಷ್ಟು ಈ ಕಡೆ, ಕೂದಲೆಳೆಯಷ್ಟು ಆ ಕಡೆ ತಿರುಗಿಸಿ, ಕಣ್ಮುಚ್ಚಿ ಕೇಳಿ, ಸಾಕು ಅಂತಿದ್ದ. ಮೂರು ಬೀದಿ ಆಚೆ ಹೋಗೋ ಕಾರಿನ ಯಾವ ಪ್ಲಗ್ ಸತ್ತಿದೆ ಅಂತ ಊಟಕ್ಕೆ ಕೂತಲ್ಲೇ ಹೇಳ್ತಿದ್ದ. ಇರಲಿ, ಒಂದು ಬೀದಿ ಅಂತಿಟ್ಕೊಳ್ಳಿ. ಹುಡುಗನಾಗಿದ್ದಾಗಿಂದ ಹೊಗೆ ಕೊಳವೆ ಪಕ್ಕ ತಲೆಯಿಟ್ಟು ಕೂತಿದ್ದಕ್ಕೋ ಏನೋ, ಕಿವಿ ಮಂದ ಆಗ್ತಾ ಬಂತು. ಎಡಗಿವಿ ಪೂರ್ತಿ ಹೋಯ್ತು. ಬಲಗಿವಿ ಇದೆ ಅಂದ್ರೆ ಇದೆ. ಕಿವಿಗೆ ಮಿಷನ್ ಹಾಕಿಸ್ಕೊಂಡ. ಅದರಲ್ಲಿ ಹೆಂಡ್ತಿ ಬೈಗುಳ ಚೆನ್ನಾಗಿ ಕೇಳುತ್ತಂತೆ, ಎಂಜಿನ್ ಮಾತ್ರ ತಗಡು ಬಡಿದ ಹಾಗೆ ಎಲ್ಲಾ ಒಂದೇ ಸದ್ದಂತೆ.

ಅವನ ಹೆಂಡ್ತಿ ಶೆಡ್ಡಿನ ಮುಂಭಾಗದಲ್ಲಿ ಹೊಲಿಗೆ ಮಿಷನ್ ಇಟ್ಕೊಂಡು ಕಾರಿನ ಸೀಟ್ ಕವರ್ ಹೊಲೀತಾಳೆ. ಕೇಳಿಸ್ಕೊಂಡು ಹೇಳೇ ಅಂದ್ರೆ, "ನನಗೆಲ್ಲಾ ಡರ್ ಅಂತಲೇ ಕೇಳೋದು ರೀ" ಅಂತಾಳೆ. ಹಾಗಾಗಿ ಗೋಡೆ ಕುಟ್ಟಿ ನನ್ನ ಕರೆಯೋದು ಶುರುವಾಯ್ತು. ನಮ್ಮಿಬ್ಬರದೇ ಒಂದು ಭಾಷೆ ಆಯ್ತು. ಕಿಡಿ ತಡವಾದ್ರೆ 'ನಮ್ಮನೆಯವರ ಕೆಮ್ಮು'. ಬೇಗ ಆದ್ರೆ 'ಡಬ್ಬಿಯಲ್ಲಿ ಗೋಲಿ'. ಸರಿಯಿದ್ರೆ ಬೆಕ್ಕು. ನಾನು ಇದ್ದದ್ದಕ್ಕೆ ಸ್ವಲ್ಪ ಒಗ್ಗರಣೆ ಹಾಕೋಳು. ಒಂದು ಗೋಲಿ ಉರುಳಿದ್ರೆ ಡಬ್ಬಿ ತುಂಬ ಅಂತೀನಿ. ಅದು ಅವನಿಗೂ ಗೊತ್ತು. "ಅಕ್ಕ ಹೇಳಿದ್ರಲ್ಲಿ ಅರ್ಧ ಕಳೀಬೇಕು" ಅಂತ ಕಳೆದೇ ಕೈ ಹಾಕ್ತಾನೆ. ಹೀಗೇ ಚೆನ್ನಾಗಿ ನಡೀತಿತ್ತು, ಹೋದ ವಾರದವರೆಗೂ.

ಹೋದ ವಾರ ದಿಬ್ಬದ ಮೇಲಿನ ಆಸ್ಪತ್ರೆಯ ನರ್ಸಮ್ಮ ತನ್ನ ನೀಲಿ ಕಾರು ತಗೊಂಡು ಬಂದಳು. ನನ್ನ ವಯಸ್ಸಿನ ಕಾರು, ನನ್ನಷ್ಟೇ ಲಕ್ಷಣ. ಅವಳಪ್ಪನದಂತೆ. ಮುಂದೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದ್ರೂ ಸ್ಟಾರ್ಟ್ ಆಗುತ್ತೆ, ಅಂಥ ಕಾಲದ್ದು. ಎರಡು ಗ್ಯಾರೇಜಿನವರು ನೋಡಿ ಟೈಮಿಂಗ್ ಕಟ್ಟಿಕೊಟ್ರೂ ದಿಬ್ಬ ಹತ್ತೋವಾಗ ಗಲಗಲ ಅಂತ ಕುದ್ದು ನಿಲ್ಲುತ್ತಂತೆ. ಎಂಜಿನ್ ಮುಗೀತು, ಗುಜರಿಗೆ ಹಾಕಿ ಅಂದ್ರಂತೆ. ಅವಳ ಕಣ್ಣಲ್ಲಿ ನೀರು.

ನಮ್ಮ ಮೇಸ್ತ್ರಿಗೆ ಎಲ್ಲಿತ್ತೋ ಪೌರುಷ! "ನರ್ಸಮ್ಮ, ಇದನ್ನ ದಿಬ್ಬ ಹತ್ತಿಸ್ತೀನಿ. ಹತ್ತಿಸಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ ಹಾಕ್ತೀನಿ" ಅಂದುಬಿಟ್ಟ.

ಹೊಲಿಗೆ ಮಿಷನ್ ನಿಂತುಹೋಯ್ತು. ಹೆಂಡ್ತಿ ಎದ್ದು ಬಂದು, ಅವನ ಎದುರು ನಿಂತು, ತುಟಿ ಕಾಣೋ ಹಾಗೆ ನಿಧಾನಕ್ಕೆ ಕೇಳಿದ್ಳು. "ನಿಜವಾಗ್ಲೂ ಹಾಕ್ತೀರಾ?"

ಅವಳು ಹಾಗೆ ಕೇಳೋಕೆ ಕಾರಣ ಇದೆ. ಈಚೆಗೊಂದಿನ ಶೆಡ್ಡಿನ ಬಾಗಿಲಲ್ಲೇ ಲಾರಿ ಹಿಂದಕ್ಕೆ ಬರ್ತಿತ್ತು. ಹಾರ್ನ್ ಕೇಳಿ ನನ್ನ ಮನೆ ಪಾತ್ರೆಗಳೆಲ್ಲ ಬಿದ್ದವು, ಇವನಿಗೆ ಕೇಳಲಿಲ್ಲ. ಅವಳು ಓಡಿ ಅಂಗಿ ಹಿಡಿದು ಎಳೆದ್ಳು. ಅಂಗಿಯ ತೋಳು ಅವಳ ಕೈಗೆ ಬಂತು. ಅವತ್ತಿಂದ ಒಂದೇ ಹಠ. ಸಾಕು, ಮನೇಲಿರಿ.

"ಹಾಕ್ತೀನಿ ಕಣೇ" ಅಂದ ಮೇಸ್ತ್ರಿ. ಮಾತು ಬಾಯಿಂದ ಆಚೆ ಬಂದಾಗಿತ್ತು.

ಮಾರನೇ ಬೆಳಿಗ್ಗೆ ಗೋಡೆ ಟಣ್ ಅನ್ನೋದಕ್ಕೆ ಮೊದಲೇ ನಾನು ಹೋಗಿ ನಿಂತಿದ್ದೆ. ಅವನ ಕೈಯಲ್ಲಿ ಪಿಸ್ತೂಲಿನಂಥ ಲೈಟು. ಕಿವಿ ಕೈ ಕೊಟ್ಟ ಮೇಲೆ ತಂದಿದ್ದು. ಎಂಜಿನ್ ಮುಂದೆ ಗರಗರ ತಿರುಗೋ ಪುಲ್ಲಿ ಇದೆಯಲ್ಲ, ಬೆಲ್ಟು ಕೂರೋ ಚಕ್ರ, ಅದರ ಅಂಚಲ್ಲಿ ಒಂದು ಗೀರು, ಪಕ್ಕದಲ್ಲೇ ಎಂಜಿನ್‌ಗೆ ಕೂರಿಸಿದ ಅಲುಗಾಡದ ಒಂದು ಮುಳ್ಳು. ಕಿಡಿ ಹಾರಿದಾಗೆಲ್ಲ ಈ ಲೈಟು ಫಳ್ ಅನ್ನುತ್ತೆ. ಆ ಫಳ್ ಅನ್ನೋ ಹೊತ್ತಿಗೆ ಗೀರು ಮುಳ್ಳಿನ ಎದುರು ನಿಂತ ಹಾಗೆ ಕಂಡ್ರೆ ಟೈಮಿಂಗ್ ಸರಿ ಅಂತ ಲೆಕ್ಕ.

"ಸರಿಯಾಗೇ ಇದೆಯಲ್ಲ," ಅಂದ. ಆಕ್ಸಿಲರೇಟರ್ ಗಕ್ಕನೆ ಎಳೆದ. "ಏನಂತೆ ಅಕ್ಕ?"

ಅವತ್ತು ಅವನ ಬೀಗದ ಮಾತು ನನ್ನ ಎದೆಯಲ್ಲಿ ಕೂತಿತ್ತು ನೋಡಿ, ಒಗ್ಗರಣೆ ಹಾಕೋಕೆ ಮನಸ್ಸೇ ಬರ್ಲಿಲ್ಲ. ಕೇಳಿದ್ದನ್ನ ಕೇಳಿದ ಹಾಗೇ ಹೇಳಿದೆ. "ಗೋಲಿ ಕಣೋ. ಅರ್ಧ ಡಬ್ಬಿ."

ಅವನು ರೂಢಿಯಂತೆ ಅರ್ಧ ಕಳೆದ. ಕಾಲು ಡಬ್ಬಿ ಗೋಲಿ ಹಳೇ ಎಂಜಿನ್‌ಗೆ ಇರೋದೇ ಅಂದ್ಕೊಂಡ. ಲೈಟೂ ಸರಿ ಅಂತಿದೆ. ಬಾನೆಟ್ ಮುಚ್ಚಿದ.

ನರ್ಸಮ್ಮ ಬಂದು ಕೂತಳು, ನಾವಿಬ್ಬರೂ ಹಿಂದೆ ಕೂತ್ವಿ. ದಿಬ್ಬದ ಬುಡ ದಾಟಿದ್ದೇ ತಡ, ಗೋಲಿಗಳು ಶುರು. ಬೇಕರಿ ತಿರುವಿಗೆ ಬರೋ ಹೊತ್ತಿಗೆ ಬೀದಿಗೆ ಬೀದಿಯೇ ತಿರುಗಿ ನೋಡ್ತಿತ್ತು. ಮಲಗಿದ್ದ ನಾಯಿ ಎದ್ದು ಕೂತಿತು. ಮಹಡಿ ಮೇಲೆ ಬಟ್ಟೆ ಒಣಗಹಾಕ್ತಿದ್ದೋಳು ಬಗ್ಗಿ ನೋಡಿದ್ಳು. ಆಮೇಲೆ ಬುಸ್ ಅಂತ ಹಬೆ, ಗಾಡಿ ನಿಂತೇಹೋಯ್ತು. ನರ್ಸಮ್ಮ ಬ್ಯಾಗ್ ಎತ್ಕೊಂಡು ಡ್ಯೂಟಿಗೆ ಓಡಿದ್ಳು. ಮೇಸ್ತ್ರಿ ಮುಖ ಎತ್ತಲಿಲ್ಲ. ಬೇಕರಿಯವನೂ ಅವನೂ ಸೇರಿ ಕಾರನ್ನ ತಿರುಗಿಸಿ, ಇಳಿಜಾರಲ್ಲಿ ಬ್ರೇಕ್ ಹಿಡ್ಕೊಂಡು ಶೆಡ್ಡಿಗೆ ತಂದ್ರು.

ಸಂಜೆ ಅವನ ಹೆಂಡ್ತಿ ನಮ್ಮನೆಗೆ ಬಂದ್ಳು. ಶೆಡ್ಡಿನ ಕೀಲಿಕೈಯನ್ನ ನನ್ನ ಅಡುಗೆಮನೆ ಮೊಳೆಗೆ ತಾನೇ ನೇತುಹಾಕಿದ್ಳು. "ನಿಮ್ಮ ಶೆಡ್ಡು, ನೀವೇ ಇಟ್ಕೊಳ್ಳಿ ಅಕ್ಕ. ಅವರೇ ಕೊಟ್ಟು ಕಳಿಸಿದ್ದು." ಗೆದ್ದೋಳ ಮುಖ ಹಾಗಿರಲ್ಲ ಕಣ್ರೀ. ಅತ್ತು ಮುಖ ತೊಳ್ಕೊಂಡು ಬಂದಿದ್ಳು.

"ಅವನೇನ್ಮಾಡ್ತಿದ್ದಾನೆ?"

"ಬಲಗೈಗೆ ಬಿಸಿನೀರಿನ ಶಾಖ ಕೊಟ್ಕೊಂಡು ಕೂತಿದ್ದಾರೆ. ನಿನ್ನೆ ಆ ಕಾರಿನ ಹ್ಯಾಂಡಲ್ ತಿರುಗಿಸೋವಾಗ ವಾಪಸ್ ಒದೀತಂತೆ. ಮಣಿಕಟ್ಟು ಊದಿದೆ. ವಯಸ್ಸಾಯ್ತು, ಹಿಡಿತ ಇಲ್ಲ ಅಂತಾರೆ."

ವಾಪಸ್ ಒದೀತಾ! ಉಯ್ಯಾಲೆ ಬರ್ತಿರೋವಾಗ ನೂಕಿದ್ರೆ ಕೈ ಮುರಿಯುತ್ತೆ ಅಂತ ಇವನೇ ಅಲ್ವಾ ನನಗೆ ಹೇಳಿಕೊಟ್ಟಿದ್ದು? ಕಾಲಿಗೆ ಚಪ್ಪಲಿ ಹಾಕಿದ್ನೋ ಇಲ್ವೋ ನೆನಪಿಲ್ಲ, ಅವರ ಮನೆ ಬಾಗಿಲಲ್ಲಿದ್ದೆ. ಅವನ ಎದುರು ಕೂತು, ಗಲ್ಲ ಹಿಡಿದು, ಮುಖ ನನ್ನ ಕಡೆ ತಿರುಗಿಸಿದೆ.

"ಬೆಳಿಗ್ಗೆ ನಾನು ಅರ್ಧ ಡಬ್ಬಿ ಅಂದ್ನಲ್ಲ, ಅದು ಪೂರಾ ಅರ್ಧ ಡಬ್ಬಿನೇ ಕಣೋ. ಒಂದು ಗೋಲಿನೂ ಸೇರಿಸಿರ್ಲಿಲ್ಲ."

ಅವನು ನನ್ನ ತುಟಿ ನೋಡ್ತಾ ಕೂತ. "ಅಕ್ಕ, ತಮಾಷೆ ಮಾಡಬೇಡಿ."

"ನನ್ನ ಕನ್ನಡಕದಾಣೆ. ಕಿಡಿ ಬೇಗ ಹಾರ್ತಿದೆ. ನಿನ್ನ ಕೈ ಕೇಳು, ಅದೂ ಹೇಳುತ್ತೆ."

ಅವನು ಊದಿದ ಮಣಿಕಟ್ಟನ್ನ ನೋಡಿದ, ನನ್ನ ನೋಡಿದ. "ಲೈಟು ಸರಿ ಅನ್ನುತ್ತೆ. ನೀವು ತಪ್ಪು ಅಂತೀರಿ. ಲೈಟಿಗೆ ಸುಳ್ಳು ಹೇಳೋಕೆ ಬರಲ್ಲ ಅಕ್ಕ."

"ನನಗೆ ಬರುತ್ತೆ, ಆದ್ರೆ ಹೇಳಿಲ್ಲ."

"ಹಾಗಾದ್ರೆ..." ಅಂದವನು ಪಾತ್ರೆ ತಳ್ಳಿ ಎದ್ದೇಬಿಟ್ಟ. ಬಿಸಿನೀರೆಲ್ಲ ನೆಲಕ್ಕೆ. "ಹಾಗಾದ್ರೆ ಆ ಗೀರೇ ಸುಳ್ಳು! ಅಕ್ಕ, ಗೀರೇ ಜಾಗ ಬಿಟ್ಟಿದೆ!"

ಬೆಳಗಾಗೋದನ್ನ ಕಾಯೋದೊಂದೇ ಬಾಕಿ. ನನಗಂತೂ ನಿದ್ದೆ ಇಲ್ಲ, ಅವನಿಗಿತ್ತು ಅಂತ ಹೇಳಿದ್ರೆ ನಂಬಲ್ಲ. ಬೆಳಿಗ್ಗೆ ಟಣ್ ಟಣ್ ಕೇಳಲಿಲ್ಲ. ಕೀಲಿಕೈ ನನ್ನ ಮೊಳೆ ಮೇಲಲ್ವಾ? ಹಿತ್ತಲ ಬಾಗಿಲಿಗೇ ಬಂದು ನಿಂತಿದ್ದ, ಹಿಂದೆ ಹೆಂಡ್ತಿ.

"ಅಕ್ಕ, ಒಂದು ಸಲ ಬೀಗ ತೆಗೀರಿ. ಹಾಗೇ ನಿಮ್ಮ ಸ್ವೆಟರ್ ಹೆಣೆಯೋ ಕಡ್ಡಿ ಕೊಡಿ, ಮರದ್ದು. ಕಬ್ಬಿಣದ್ದು ಬೇಡ, ಒಳಗೆ ಗೀಚುತ್ತೆ."

"ಕಾರಿಗೆ ಸ್ವೆಟರ್ ಹಾಕ್ತೀಯಾ?"

"ಕೊಡಿ ಅಂದ್ರೆ!"

ಪ್ಲಗ್ಗುಗಳನ್ನೆಲ್ಲ ಬಿಚ್ಚಿದ. ಮೊದಲನೇ ಪ್ಲಗ್ಗಿನ ತೂತಿನ ಮೇಲೆ ಹೆಬ್ಬೆರಳು ಒತ್ತಿದ. ಹ್ಯಾಂಡಲ್ ತಿರುಗಿಸೋಕೆ ಯಾರು? ಅವನ ಕೈ ಊದಿದೆ, ನನಗೆ ಸೊಂಟ ಇಲ್ಲ. ನಾವಿಬ್ಬರೂ ಅವನ ಹೆಂಡ್ತಿ ಕಡೆ ನೋಡಿದ್ವಿ. ಅವಳು ಬೇಡ ಅನ್ನಬಹುದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಹ್ಯಾಂಡಲ್ ಹಿಡಿದ್ಳು.

"ನಿಧಾನ ಕಣೇ. ಇನ್ನೂ. ಇನ್ನೂ. ಹಾಂ! ಒಳಗಿನ ಗಾಳಿ ಬೆರಳು ನೂಕ್ತಿದೆ, ಪಿಸ್ಟನ್ ಮೇಲೆ ಬರ್ತಿದೆ!" ಬೆರಳು ತೆಗೆದು ಆ ತೂತಿಗೆ ನನ್ನ ಕಡ್ಡಿ ಇಳಿಸಿದ. ಅವಳು ತಿರುಗಿಸಿದ ಹಾಗೆಲ್ಲ ಕಡ್ಡಿ ಮೇಲೇಳ್ತಾ ಬಂತು. ಯಾರೂ ಉಸಿರು ಬಿಡ್ತಿಲ್ಲ. ಕಡ್ಡಿ ಏರಿತು, ಏರಿತು, ನಿಂತಿತು, ಇಳಿಯೋಕೆ ನೋಡಿತು. "ಸಾಕು! ಒಂಚೂರು ಹಿಂದೆ. ಸಾಕು, ಸಾಕು! ಇದೇ ತುದಿ. ಈಗ ಗೀರು ಮುಳ್ಳಿನ ಎದುರೇ ಇರಬೇಕು. ಅಕ್ಕ, ನೀವೇ ನೋಡಿ ಹೇಳಿ. ಒಗ್ಗರಣೆ ಬೇಡ."

ಬಗ್ಗಿ ನೋಡಿದೆ. ಮುಳ್ಳು ಇಲ್ಲಿ. ಗೀರು ಎಲ್ಲಿ? ಎರಡು ಬೆರಳು ಆಚೆ!

ಊರು ಕೇಳೋ ಹಾಗೆ ಕೂಗಿದೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಕೂಗು ಮೇಸ್ತ್ರಿಗೇ ಕೇಳಿಸ್ತು ಅಂದ್ರೆ ಲೆಕ್ಕ ಹಾಕಿ. ಅವನು ಸ್ಕ್ರೂಡ್ರೈವರಿಂದ ಪುಲ್ಲಿ ಅಂಚು ಮೀಟಿದ. ಆ ಚಕ್ರ ಒಂದೇ ತುಂಡಲ್ಲ. ನಡುವೆ ಒಂದು ಬಿಲ್ಲೆ, ಸುತ್ತ ಒಂದು ಬಳೆ, ಎರಡರ ಮಧ್ಯೆ ರಬ್ಬರ್. ಆ ರಬ್ಬರ್ ಹಳೇ ಚಪ್ಪಲಿ ಥರ ಒಣಗಿ ಬಿರುಕು ಬಿಟ್ಟಿತ್ತು. ಬಳೆ ತನ್ನ ಗೀರನ್ನೂ ಕರ್ಕೊಂಡು ಯಾವಾಗಲೋ ಜಾರಿಬಿಟ್ಟಿತ್ತು.

"ಆ ಗ್ಯಾರೇಜಿನವರದ್ದೂ ತಪ್ಪಿಲ್ಲ ಅಕ್ಕ," ಅಂದ. ಮುಖ ಹಬ್ಬದ ಮನೆ. "ಗೀರು ನೋಡಿ ಕಟ್ಟಿದ್ರು. ನಾನೂ ಅದನ್ನೇ ಮಾಡಿದೆ. ನನ್ನ ಬೆರಳಿಗೆ ಕಿವುಡಿಲ್ಲ, ಅದನ್ನ ಮರೆತಿದ್ದೆ ನೋಡಿ."

ಜಾರಿದ ಪುಲ್ಲಿ ಹಾಕಿ ಓಡಿಸಿದ್ರೆ ಅದು ಕಿತ್ತು ಹಾರಬಹುದಂತೆ. ಶೆಡ್ಡಿನ ಮೂಲೆಯಲ್ಲಿ ಅದೇ ಜಾತಿಯ ಸತ್ತ ಎಂಜಿನ್ ಒಂದಿತ್ತು, ಅದರಿಂದ ಬಿಚ್ಚಿ ಹಾಕಿದ. ಅದರ ಗೀರನ್ನೂ ನಂಬದೆ ಮತ್ತೆ ಕಡ್ಡಿ ಇಳಿಸಿ ನೋಡಿದ. ಸರಿಯಾಗಿ ಎದುರೇ ನಿಂತಿತು. ಕಣ್ಣಿಗೆ ಹೊಡೆಯೋ ಹಾಗೆ ಅದರ ಮೇಲೆ ಬಣ್ಣ ಬೇಕಲ್ಲ? ಹೆಂಡ್ತಿ ತನ್ನ ಹೊಲಿಗೆ ಡಬ್ಬಿಯಿಂದ ಉಗುರುಬಣ್ಣ ತಂದ್ಳು. ಕೆಂಪು.

"ಇದನ್ನ ಯಾವಾಗ ಹಚ್ಕೋತೀಯೇ? ನಾನು ನೋಡೇ ಇಲ್ಲ," ಅಂದ ಮೇಸ್ತ್ರಿ.

"ನೀವು ಬಾನೆಟ್‌ನಿಂದ ತಲೆ ಆಚೆ ತೆಗೆದ್ರೆ ತಾನೆ ನೋಡೋದು."

ಎಂಜಿನ್ ಶುರುವಾಯ್ತು. ಹಳೇ ಗೀರು ನೋಡಿ ಕಟ್ಟಿದ್ದ ಟೈಮಿಂಗ್ ಇನ್ನೂ ಹಾಗೇ ಇತ್ತು. ಆಕ್ಸಿಲರೇಟರ್ ಎಳೆದು ನನ್ನ ಮುಖ ನೋಡಿದ. "ಅಕ್ಕ?"

"ಅರ್ಧ ಡಬ್ಬಿ!"

ಅರ್ಧ ಕಳೀಲಿಲ್ಲ ಈ ಸಲ. ಡಿಸ್ಟ್ರಿಬ್ಯೂಟರನ್ನ ಧಾರಾಳವಾಗೇ ತಿರುಗಿಸಿದ. "ಅಕ್ಕ?"

"ನಾಲ್ಕೈದು ಗೋಲಿ."

ಕೂದಲೆಳೆ. "ಅಕ್ಕ?"

"ಒಂದೇ ಒಂದು, ಅದೂ ಮೂಲೇಲಿ."

ಇನ್ನರ್ಧ ಕೂದಲೆಳೆ. "ಅಕ್ಕ? ಅಕ್ಕ, ಏನಾಯ್ತು? ಹೇಳಿ!"

ಹೇಳೋಕೆ ಏನೂ ಇರ್ಲಿಲ್ಲ ಕಣ್ರೀ. ಬೆಕ್ಕು ಅಂತಲೂ ಅನ್ನೋಕಾಗಲ್ಲ, ಬೆಕ್ಕು ಇನ್ನೂ ಗಲಾಟೆ ಮಾಡುತ್ತೆ. ನಾನು ಬಾಯಿ ತೆರೆದು ಹಾಗೇ ನಿಂತೆ. ಅವನು ಲೈಟು ಹಿಡಿದು ನೋಡಿದ. ಉಗುರುಬಣ್ಣ ಮುಳ್ಳಿನ ಎದುರೇ ಫಳ್ ಫಳ್ ಅಂತಿತ್ತು. ಕೈ ಒರೆಸ್ಕೊಂಡು ಹೆಂಡ್ತಿಗೆ ಹೇಳಿದ, "ಬರ್ಕೋ ಕಣೇ, ಅಕ್ಕ ಮಾತು ನಿಲ್ಲಿಸಿದ್ರೆ ಟೈಮಿಂಗ್ ಸರಿ."

ನರ್ಸಮ್ಮನಿಗೆ ಫೋನ್ ಹೋಯ್ತು. ಡ್ಯೂಟಿ ಹೊತ್ತಿಗೆ ಸರಿಯಾಗಿ ಬಂದ್ಳು. ಈ ಸಲ ನಾವು ನಾಲ್ಕು ಜನ. ಮೇಸ್ತ್ರಿ ಮುಂದೆ ಕೂತು ಅಂಗೈಯನ್ನ ಸ್ಟೀರಿಂಗ್ ಪಕ್ಕದ ಹಲಗೆಗೆ ಒತ್ತಿಟ್ಟಿದ್ದ. ದಿಬ್ಬದ ಬುಡ ಬಂತು. ಅವನ ಹೆಂಡ್ತಿ ನನ್ನ ಕೈ ಹಿಡಿದಿದ್ಳು, ಬಳೆ ಒಡೆಯೋ ಹಾಗೆ. ಅವಳು ಹತ್ತಲಿ ಅಂತ ಬೇಡ್ತಿದ್ಳೋ ಬೇಡ ಅಂತ ಬೇಡ್ತಿದ್ಳೋ, ಅವಳಿಗೇ ಗೊತ್ತಿತ್ತೋ ಇಲ್ವೋ. ಬೇಕರಿ ತಿರುವು ಬಂತು. ನರ್ಸಮ್ಮ ಗೇರ್ ಇಳಿಸಿದ್ಳು. ನಾನು ಕಣ್ಮುಚ್ಚಿ ಗೋಲಿ ಹುಡುಕಿದೆ. ಒಂದೂ ಇಲ್ಲ!

ಬೇಕರಿ ಹಿಂದೆ ಹೋಯ್ತು. ನಾಯಿ ಮಲಗೇ ಇತ್ತು. ಮಹಡಿಯವಳು ಬಟ್ಟೆ ಹಿಂಡ್ತಾನೇ ಇದ್ಳು. ಔಷಧಿ ಅಂಗಡಿ ಹೋಯ್ತು, ಗೋಡೆ ಮೇಲಿನ ಸಿನಿಮಾ ಪೋಸ್ಟರ್ ಹೋಯ್ತು. ಕಾರು ಜುಂ ಅಂತ ಎದ್ದು ಹಕ್ಕಿ ಹಾಗೆ ಹಾರಿ ಆಸ್ಪತ್ರೆ ಮಹಡಿ ಮೇಲೆ ಇಳೀತು. ಸರಿ, ಗೇಟಿನ ಮುಂದೆ ನಿಂತಿತು.

ನರ್ಸಮ್ಮ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗ್ತಾ ಅಳ್ತಾ ಇದ್ಳು. ಮೇಸ್ತ್ರಿ ಮಾತ್ರ ಗೇಟಿನ ವಾಚ್‌ಮನ್ನನ್ನೇ ನೋಡ್ತಿದ್ದ. ವಾಚ್‌ಮನ್ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲೀತಿದ್ದ.

"ನೋಡಿದ್ರಾ ಅಕ್ಕ? ನೋಡಿದ್ರಾ? ಅವನು ತಲೆನೇ ಎತ್ತಲಿಲ್ಲ!"

ಆ ಖುಷಿ ನಾನೆಲ್ಲೂ ಕಂಡಿಲ್ಲ. ಜೀವನದಲ್ಲಿ ಏನಾಸೆ ಕಣೋ ನಿನಗೆ ಅಂತ ಹಿಂದೊಂದ್ಸಲ ಕೇಳಿದ್ದೆ. "ನಾನು ಟೈಮಿಂಗ್ ಕಟ್ಟಿದ ಗಾಡಿ ಹೋಗ್ತಿದ್ರೆ ಬೀದಿಯಲ್ಲಿ ಯಾರೂ ತಿರುಗಿ ನೋಡಬಾರದು ಅಕ್ಕ, ಅಷ್ಟೇ" ಅಂದಿದ್ದ. ಎಂಥ ಆಸೆಯಪ್ಪಾ ಅಂತ ನಕ್ಕಿದ್ದೆ. ಈಗ ನೀವು ಪೇಪರಿನಲ್ಲಿ ಹಾಕಿ ಎಲ್ಲರೂ ತಿರುಗಿ ನೋಡೋ ಹಾಗೆ ಮಾಡ್ತಿದ್ದೀರಿ. ಅವನು ನನ್ನ ಬೈತಾನೆ. ಬೈಯಲಿ, ನನಗೂ ಕಿವಿ ಕೇಳಲ್ಲ ಅಂತೀನಿ.

ವಾಪಸ್ ಬಂದ ಮೇಲೆ ಶೆಡ್ಡಿಗೆ ಬೀಗ ಹಾಕಿ ಕೀಲಿಕೈಯನ್ನ ಮತ್ತೆ ನನ್ನ ಮೊಳೆಗೇ ಹಾಕಿದೆ. ಮೇಸ್ತ್ರಿ ವಾಪಸ್ ಕೊಡಿ ಅನ್ನಲಿಲ್ಲ. ಗಾಡಿ ದಿಬ್ಬ ಹತ್ತಿದ್ದು ನಿಜ, ಆದ್ರೆ ಲಾರಿ ಹಾರ್ನ್ ಕೇಳದೇ ಇರೋದೂ ನಿಜವೇ. ಹೆಂಡ್ತಿ ಮುಖ ನೋಡಿ ಮನೆಗೆ ಹೋದ. ನಾನೂ ಬಾಯಿ ಹಾಕಲಿಲ್ಲ. ಅದು ಗಂಡ ಹೆಂಡ್ತಿ ವಿಷಯ.

ಇವತ್ತು ಬೆಳಿಗ್ಗೆ ಎದ್ದು ಕಾಫಿಗೆ ನೀರಿಡೋಕೆ ಹೋಗ್ತೀನಿ, ಮೊಳೆ ಖಾಲಿ. ಹಿತ್ತಲ ಬಾಗಿಲು ಬರೀ ಎಳೆದಿದೆ, ಚಿಲಕ ಹಾಕಿಲ್ಲ. ಗೋಡೆಯಾಚೆಯಿಂದ ಟಣ್, ಟಣ್, ಟಣ್. ಓಡಿ ಹೋಗಿ ನೋಡಿದ್ರೆ ಶೆಡ್ಡಿನ ಬಾಗಿಲ ಕಂಬಕ್ಕೆ ಹೊಸದಾಗಿ ಒಂದು ದುಂಡು ಕನ್ನಡಿ ಕಟ್ಟಿದೆ, ಯಾವುದೋ ಲಾರಿಯದ್ದು. ಬಾನೆಟ್ ಒಳಗಿಂದ ಒಂಚೂರು ತಲೆಯೆತ್ತಿದ್ರೆ ಸಾಕು, ಬೀದಿಯಲ್ಲಿ ಹಿಂದಿನಿಂದ ಏನು ಬರ್ತಿದೆ ಅಂತ ಪೂರಾ ಕಾಣುತ್ತೆ. ಕನ್ನಡಿಗೆ ಸೀಟ್ ಕವರ್ ಬಟ್ಟೆಯಿಂದ ಅಂಚು ಬೇರೆ ಹೊಲಿದಿದೆ.

ಮೇಸ್ತ್ರಿ ಸೊಂಟದವರೆಗೂ ಬಾನೆಟ್ ಒಳಗಿದ್ದ. ಬೆನ್ನು ತಟ್ಟಿ, ಕೀಲಿಕೈ ತಗೊಂಡೋರು ಯಾರೋ ಅಂದೆ, ನನಗೇನು ಗೊತ್ತು ಅಕ್ಕ, ನಾನು ಬಂದಾಗಲೇ ಬಾಗಿಲು ತೆಗೆದಿತ್ತು ಅಂದ. ಅವನು ಸುಳ್ಳು ಹೇಳೋನಲ್ಲ.

ಈಗ ಹೇಳಿ, ಯಾರಿರಬಹುದು? ಒಂದು ಸುಳಿವು ಕೊಡ್ತೀನಿ. ಮೊಳೆ ಪಕ್ಕದ ಗೋಡೆ ಮೇಲೆ ಒಂದು ಬೆರಳಿನ ಗುರುತಿದೆ. ಕೆಂಪು.